ಮಗು ತಿರುಗದಿದ್ದಾಗ: ಸಿಸೇರಿಯನ್ ಬೇಕೆನ್ನುವುದು ವಿಶ್ವಾಸದ ಕೊರತೆಯೇ?



ಕೆಲವು ತಿಂಗಳ ಹಿಂದೆ, ಒಂದು ಭಾನುವಾರ, ಎರಡನೆಯ ಬಲಿಪೂಜೆ ಮುಗಿದ ಮೇಲೆ ಯುವ ದಂಪತಿ ಗುರುನಿವಾಸಕ್ಕೆ ಬಂದರು. ಜೊತೆಯಲ್ಲಿ ಹುಡುಗನ ತಾಯಿಯೂ ಇದ್ದರು. ಚೊಚ್ಚಲ ಬಸುರಿ; 36 ವಾರ ತುಂಬಿತ್ತು. ಸ್ಕ್ಯಾನಿಂಗ್‌ನಲ್ಲಿ ಮಗುವಿನ ತಲೆ ಮೇಲಕ್ಕೂ ಪೃಷ್ಠಭಾಗ ಕೆಳಕ್ಕೂ ಇರುವುದು ಕಂಡಿತ್ತು. ವೈದ್ಯರು ಇರುವ ದಾರಿಗಳನ್ನು ವಿವರಿಸಿ, ಮನೆಯಲ್ಲಿ ಯೋಚಿಸಿ ಬನ್ನಿ ಎಂದಿದ್ದರು. ಸಿಸೇರಿಯನ್ ಆಗಲಿ ಎಂಬುದು ಆಕೆಯ ಮನಸ್ಸು. ಅತ್ತೆಗೆ ಒಪ್ಪಿಗೆಯಿಲ್ಲ.

"ನಾನು ನಾಲ್ಕು ಹೆತ್ತೆ ಸ್ವಾಮಿ, ಒಂದಕ್ಕೂ ಹೊಟ್ಟೆ ಕೊಯ್ಯಿಸಿಕೊಳ್ಳಲಿಲ್ಲ. ನೊವೇನ ಮಾಡಿದರೆ ಮಗು ತಾನಾಗಿ ತಿರುಗುತ್ತದೆ. ಕಾಲು ಮುಂದಾಗಿ ಹುಟ್ಟಿದವರು ಊರಲ್ಲಿ ಎಷ್ಟು ಜನ ಇಲ್ಲ? ಇವಳಿಗೆ ನಂಬಿಕೆಯೇ ಸಾಲದು" ಎಂದರು.

ಸೊಸೆ ತಲೆ ತಗ್ಗಿಸಿಕೊಂಡೇ ಕೇಳಿದಳು: "ಫಾದರ್, ಆಪರೇಷನ್ ಬೇಕು ಅನ್ನಿಸಿದರೆ ಅದು ಪಾಪವೇ?"

ಪಾಪವಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸಬಹುದಿತ್ತು. ಆದರೆ ಇದು ಒಂದೇ ಮನೆಯ ಪ್ರಶ್ನೆಯಲ್ಲ. ಇದಕ್ಕೆ ಸಾವಧಾನವಾಗಿ ಉತ್ತರಿಸಲು ನನಗೆ ನನ್ನದೇ ಆದ ಕಾರಣವೂ ಇದೆ.

ನಾನು ಕೇಳದೆ ಹೋದ ಪ್ರಶ್ನೆ

ಆಗ ನನಗೆ ಅಭಿಷೇಕವಾಗಿ ಎರಡೇ ವರ್ಷ. ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಕಾಫಿ ತೋಟದ ಲೈನ್ ಮನೆಗಳ ಭೇಟಿಗೆ ಹೋದಾಗ ದಿನ ತುಂಬುತ್ತಿದ್ದ ಹೆಣ್ಣುಮಗಳೊಬ್ಬಳು ಆಶೀರ್ವಾದ ಕೇಳಿದಳು. "ಮಗು ಇನ್ನೂ ತಿರುಗಿಲ್ಲವಂತೆ ಸ್ವಾಮಿ, ನರ್ಸಮ್ಮ ಹೇಳಿದರು" ಎಂದಳು. ನಾನು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, "ದೇವರಿದ್ದಾನೆ, ಹೆದರಬೇಡಮ್ಮ" ಎಂದೆ. ಯಾವ ಆಸ್ಪತ್ರೆಗೆ ಹೋಗುತ್ತೀರಿ, ರಾತ್ರಿ ನೋವು ಬಂದರೆ ವಾಹನಕ್ಕೆ ಏನು ಮಾಡುತ್ತೀರಿ ಎಂದು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಹತ್ತು ಹನ್ನೆರಡು ದಿನಗಳಾದ ಮೇಲೆ, ಮಳೆಯ ರಾತ್ರಿ, ನೀರೊಡೆದು ಮಗುವಿನ ಕಾಲು ಹೊರಬಂತು. ಜೀಪು ಸಿಗುವಷ್ಟರಲ್ಲಿ ಬೆಳಗಿನ ಜಾವ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಹೊರಬಂದ ಕಾಲು ಇನ್ನೂ ಅಲುಗುತ್ತಿದ್ದಾಗ ಮನೆಯ ಅಜ್ಜಿ ಅದರ ಮೇಲೆ ನೀರು ಸುರಿದು ಜ್ಞಾನಸ್ನಾನ ಕೊಟ್ಟಿದ್ದರು. ಮಣ್ಣು ಮಾಡಿ ಬಂದ ಮೇಲೆ ಆ ತಾಯಿ ನನ್ನನ್ನು ಕೇಳಿದ್ದು ಇಷ್ಟೇ: "ಕಾಲಿಗೆ ಕೊಟ್ಟ ಸ್ನಾನ ಸಲ್ಲುತ್ತದೆಯೇ ಸ್ವಾಮಿ?"

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. 1614ರ ರೋಮನ್ ವಿಧಿಗ್ರಂಥದಲ್ಲಿ ಈ ವಿಷಯವೇ ಇದೆ. ಪ್ರಾಣಾಪಾಯವಿದ್ದು ಮಗುವಿನ ತಲೆ ಹೊರಬಂದಿದ್ದರೆ ತಲೆಗೆ ಜ್ಞಾನಸ್ನಾನ ಕೊಡಬೇಕು. ಬೇರೆ ಅಂಗ ಹೊರಬಂದು ಅದರಲ್ಲಿ ಚಲನೆ ಕಂಡರೆ ಆ ಅಂಗಕ್ಕೇ ಕೊಡಬೇಕು. ಮಗು ಬದುಕಿದರೆ ಷರತ್ತಿನೊಡನೆ ಮತ್ತೆ ಕೊಡಬೇಕು ಎಂದು ಅದು ವಿಧಿಸುತ್ತದೆ. ಜ್ಞಾನಸ್ನಾನ ಸಿಗದೆ ತೀರಿಕೊಂಡ ಮಕ್ಕಳನ್ನೂ ಧರ್ಮಸಭೆ ದೇವರ ಕರುಣೆಗೆ ಒಪ್ಪಿಸುತ್ತದೆ. ಇದನ್ನೆಲ್ಲ ಹೇಳಿ ಆಕೆಯನ್ನು ಸಮಾಧಾನಪಡಿಸಿದೆ. ಆದರೆ ಮಗು ತೀರಿಕೊಂಡ ಮೇಲಿನ ಪ್ರಶ್ನೆಗೆ ಉತ್ತರ ಕಲಿತಿದ್ದ ನಾನು, ಅದಕ್ಕೆ ಮುಂಚೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕಲಿತಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಪ್ರಾರ್ಥನೆಯೋ, ವೈದ್ಯರೋ?

ಈ ಪ್ರಶ್ನೆಯೇ ತಪ್ಪು. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಓದಿ ನೋಡಿ. ಕಾಯಿಲೆ ಬಂದಾಗ ದೇವರಲ್ಲಿ ಮೊರೆಯಿಡು, ವೈದ್ಯನಿಗೂ ಎಡೆಕೊಡು, ಅವನನ್ನೂ ದೇವರೇ ಸೃಷ್ಟಿಸಿದ್ದಾರೆ ಎಂಬುದು ಅಲ್ಲಿನ ಬೋಧನೆ. ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ಕೈಗೆಟುಕುವ ಸಹಾಯವನ್ನು ಬೇಕೆಂದೇ ಬಿಟ್ಟು ಅದ್ಭುತಕ್ಕಾಗಿ ಕಾಯುವುದನ್ನು ಸಂತ ಥಾಮಸ್ ಅಕ್ವಿನಾಸ್ ವಿಶ್ವಾಸ ಎನ್ನುವುದಿಲ್ಲ, ದೇವರನ್ನು ಪರೀಕ್ಷಿಸುವುದು ಎನ್ನುತ್ತಾರೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನನು ಹೇಳಿದಾಗ ಪ್ರಭು ಯೇಸು ಒಪ್ಪಲಿಲ್ಲ ಎಂಬುದನ್ನು ನೆನೆಯೋಣ.

ಇನ್ನು ಕಾಲು ಮುಂದಾಗಿ ಹುಟ್ಟಿದವರ ಮಾತು. ಸೊಂಟ ಉಳುಕಿದಾಗ ಅಂಥವರನ್ನು ಹುಡುಕಿ ತುಳಿಸಿಕೊಳ್ಳುವ ರೂಢಿ ನಮ್ಮ ಕಡೆ ಇದೆ. ಹಾಗೆ ತುಳಿಯಲು ಬರುವವರು ಬದುಕಿ ಉಳಿದವರು. ಉಳಿಯದೆ ಹೋದವರನ್ನು ನಾವು ಕಂಡಿಲ್ಲ, ಲೆಕ್ಕ ಇಟ್ಟಿಲ್ಲ. ಕಣ್ಣೆದುರಿಗೆ ಇರುವವರನ್ನು ಮಾತ್ರ ಎಣಿಸಿ, ಏನೂ ಅಪಾಯವಿಲ್ಲ ಎನ್ನುವುದು ಸರಿಯಾದ ತರ್ಕವಲ್ಲ.

ವಿವೇಕದ ಮೂರು ಹೆಜ್ಜೆಗಳು

ಹಾಗಾದರೆ ಏನು ಮಾಡಬೇಕು? ಸಂತ ಥಾಮಸರು ವಿವೇಕ ಎಂಬ ಸದ್ಗುಣಕ್ಕೆ ಮೂರು ಕೆಲಸಗಳನ್ನು ಹೇಳುತ್ತಾರೆ: ವಿಚಾರಿಸುವುದು, ತೀರ್ಮಾನಿಸುವುದು, ತೀರ್ಮಾನಿಸಿದ್ದನ್ನು ನಡೆಸುವುದು. ಇವನ್ನು ನಮ್ಮ ವಿಷಯಕ್ಕೆ ಅನ್ವಯಿಸೋಣ.

1. ವಿಚಾರಿಸುವುದು

28ನೇ ವಾರದಲ್ಲಿ ಸುಮಾರು ಐದರಲ್ಲಿ ಒಂದು ಮಗು ಹೀಗೆ ತಲೆ ಮೇಲಾಗಿ ಇರುತ್ತದೆ. ಹೆಚ್ಚಿನವು ತಾವಾಗಿ ತಿರುಗುತ್ತವೆ. ದಿನ ತುಂಬಿದಾಗ ನೂರಕ್ಕೆ ಮೂರು ನಾಲ್ಕು ಮಾತ್ರ ಹಾಗೇ ಉಳಿಯುತ್ತವೆ. ಗರ್ಭಕೋಶದ ಆಕಾರ, ಮಾಸು ಕೆಳಗಿರುವುದು, ಗರ್ಭಜಲ ಹೆಚ್ಚು ಕಡಿಮೆಯಾಗಿರುವುದು, ಅವಳಿ ಮಕ್ಕಳು ಇವೆಲ್ಲ ಕಾರಣಗಳಿರಬಹುದು. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ಬಸುರಿ ಗ್ರಹಣ ನೋಡಿದಳು, ಸರಿಯಾಗಿ ಮಲಗಲಿಲ್ಲ ಎಂದೆಲ್ಲ ಆಕೆಯ ಮೇಲೆ ತಪ್ಪು ಹೊರಿಸಬಾರದು.

ಕೆಲವು ಮಕ್ಕಳ ಕಾಲುಗಳು ನೇರವಾಗಿ ಮುಖದ ಕಡೆಗೆ ಚಾಚಿರುತ್ತವೆ; ಕೆಲವು ಚಕ್ಕಳಮಕ್ಕಳ ಹಾಕಿ ಕೂತಂತೆ ಇರುತ್ತವೆ; ಕೆಲವಕ್ಕೆ ಪಾದವೇ ಕೆಳಗೆ ಇಳಿದಿರುತ್ತದೆ. ಅಪಾಯ ಎಲ್ಲಿದೆಯೆಂದರೆ, ಮಗುವಿನ ದೇಹದಲ್ಲಿ ದೊಡ್ಡದಾದ ತಲೆ ಕೊನೆಗೆ ಬರುತ್ತದೆ. ಆ ಹೊತ್ತಿನಲ್ಲಿ ಹೊಕ್ಕುಳಬಳ್ಳಿ ಒತ್ತಿಹೋಗಬಹುದು. ತಲೆ ಸಿಕ್ಕಿಕೊಂಡರೆ ಸಮಯ ಬಹಳ ಕಡಿಮೆ. ಪಾದ ಮುಂದಾಗಿದ್ದರೆ ನೀರೊಡೆದಾಗ ಬಳ್ಳಿಯೇ ಮೊದಲು ಜಾರಿ ಬರುವ ಭಯವೂ ಹೆಚ್ಚು.

ದಾರಿಗಳು ಮೂರು. ಮೊದಲನೆಯದು, 36-37ನೇ ವಾರದ ಹೊತ್ತಿಗೆ ವೈದ್ಯರು ಹೊಟ್ಟೆಯ ಮೇಲಿನಿಂದ ಕೈಯಲ್ಲಿ ಒತ್ತಿ ಮಗುವನ್ನು ತಿರುಗಿಸಲು ಪ್ರಯತ್ನಿಸುವುದು. ಸುಮಾರು ಅರ್ಧದಷ್ಟು ಸಲ ಇದು ಫಲಿಸುತ್ತದೆ. ಇದನ್ನು ಎಲ್ಲರಿಗೂ ಮಾಡಲಾಗದು. ಮಾಡುವುದಾದರೆ ಮಗುವಿನ ಎದೆಬಡಿತ ನೋಡುತ್ತಾ, ತುರ್ತು ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲೇ ಮಾಡಬೇಕು. ಮನೆಯಲ್ಲಿ ಎಣ್ಣೆ ಹಚ್ಚಿ ನೀವಿ ತಿರುಗಿಸಲು ಹೋಗಬೇಡಿ. ಎರಡನೆಯದು, ನುರಿತ ತಂಡದ ಕೈಯಲ್ಲಿ ಸಹಜ ಹೆರಿಗೆ. ಮೂರನೆಯದು, ಮೊದಲೇ ಗೊತ್ತುಮಾಡಿದ ಸಿಸೇರಿಯನ್.

2000ನೇ ಇಸವಿಯಲ್ಲಿ 26 ದೇಶಗಳ 2088 ತಾಯಂದಿರ ಅಧ್ಯಯನವೊಂದು ಪ್ರಕಟವಾಯಿತು. ಸಹಜ ಹೆರಿಗೆಗೆ ಕಾದವರಲ್ಲಿ ನೂರಕ್ಕೆ 5 ಶಿಶುಗಳಿಗೆ ಸಾವು ಅಥವಾ ಗಂಭೀರ ತೊಂದರೆ ಒದಗಿತು. ಸಿಸೇರಿಯನ್ ಗೊತ್ತುಮಾಡಿದವರಲ್ಲಿ ಅದು 1.6 ಮಾತ್ರ. ಅಲ್ಲಿಂದ ಮುಂದೆ ಜಗತ್ತಿನಾದ್ಯಂತ ವೈದ್ಯರು ಸಿಸೇರಿಯನ್ ಕಡೆಗೆ ವಾಲಿದರು. ಆದರೆ 2004ರಲ್ಲಿ ಆ ಮಕ್ಕಳಲ್ಲಿ ಕೆಲವರನ್ನು ಎರಡು ವರ್ಷದ ಪ್ರಾಯದಲ್ಲಿ ಪರೀಕ್ಷಿಸಿದಾಗ ಎರಡು ಗುಂಪುಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ. 2006ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಗಮನಿಸಿದಾಗ, ಸರಿಯಾಗಿ ಆಯ್ದು ನುರಿತವರು ಮಾಡಿಸಿದ ಸಹಜ ಹೆರಿಗೆಯೂ ಸುರಕ್ಷಿತವಾಗಿರಬಲ್ಲದು ಎಂದು ತಿಳಿಯಿತು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ 2017ರ ಮಾರ್ಗಸೂಚಿಯ ಪ್ರಕಾರ, ಇಂಥ ಸಹಜ ಹೆರಿಗೆಯಲ್ಲಿ ಶಿಶು ತೀರಿಕೊಳ್ಳುವ ಸಂಭವ ಸಾವಿರಕ್ಕೆ ಸುಮಾರು 2. 39 ವಾರ ತುಂಬಿದ ಮೇಲೆ ಮಾಡುವ ಸಿಸೇರಿಯನ್‌ನಲ್ಲಿ ಎರಡು ಸಾವಿರಕ್ಕೆ 1. ಇವು ಆ ದೇಶದ ಸೌಲಭ್ಯಗಳ ನಡುವಿನ ಅಂಕಿಗಳು. ಇಂಥ ಹೆರಿಗೆ ಮಾಡಿಸಿ ಅನುಭವವಿರುವವರು ಈಗ ಎಲ್ಲ ಆಸ್ಪತ್ರೆಗಳಲ್ಲೂ ಇಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಿಸೇರಿಯನ್ ಕೂಡ ಸಣ್ಣ ಸಂಗತಿಯಲ್ಲ. ರಕ್ತಸ್ರಾವ, ಸೋಂಕು, ರಕ್ತ ಹೆಪ್ಪುಗಟ್ಟುವುದು ಇವುಗಳ ಭಯವಿದೆ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಮೇಲೆ ಆಳವಾಗಿ ಅಂಟಿಕೊಳ್ಳಬಹುದು. ಮುಂದೆ ಸಹಜ ಹೆರಿಗೆಗೆ ಪ್ರಯತ್ನಿಸಿದರೆ ಇನ್ನೂರರಲ್ಲಿ ಒಬ್ಬರಿಗೆ ಗಾಯ ಬಿಟ್ಟುಕೊಳ್ಳುವ ಸಂಭವವಿದೆ. ಹೆಚ್ಚು ಮಕ್ಕಳನ್ನು ಬಯಸುವ ದಂಪತಿ ಇದನ್ನು ಕೇಳಿ ತಿಳಿದುಕೊಳ್ಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 31 ಹೆರಿಗೆಗಳು ಸಿಸೇರಿಯನ್. ಅನಗತ್ಯ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ ಎಂಬ ಹಿರಿಯರ ಗುಮಾನಿಯನ್ನು ಸುಳ್ಳೆಂದು ತಳ್ಳಿಹಾಕಲಾಗದು. ಆದರೆ ತಿರುಗದ ಮಗುವಿಗಾಗಿ ಮಾಡುವ ಸಿಸೇರಿಯನ್‌ಗೆ ತಕ್ಕ ಕಾರಣವಿದೆ. ಅದನ್ನು ಆ ಗುಂಪಿಗೆ ಸೇರಿಸಬಾರದು.

2. ತೀರ್ಮಾನಿಸುವುದು

ಎರಡು ದಾರಿಗಳೂ ಒಳ್ಳೆಯವಾಗಿದ್ದು, ಎರಡರಲ್ಲೂ ಅಪಾಯವಿದ್ದಾಗ, ಧರ್ಮಸಭೆ ಒಂದನ್ನೇ ಕಡ್ಡಾಯ ಮಾಡುವುದಿಲ್ಲ. ವೈದ್ಯರ ಸಲಹೆ ಪಡೆದು, ಪತಿಯೊಡನೆ ಮಾತಾಡಿ, ತಾಯಿ ತನ್ನ ಮನಸ್ಸಾಕ್ಷಿಯಂತೆ ತೀರ್ಮಾನಿಸಬೇಕು. ಕೊಯ್ಯಿಸಿಕೊಳ್ಳುವುದು ಆಕೆಯ ದೇಹ. ಅತ್ತೆಯದೂ ಅಲ್ಲ, ಗುರುಗಳದೂ ಅಲ್ಲ. ಹೆದರಿಕೆ ಪಾಪವಲ್ಲ. ಗೆತ್ಸೆಮನಿ ತೋಟದಲ್ಲಿ ಪ್ರಭುವೂ ಕಳವಳಗೊಂಡರು.

ನೋವಿನಿಂದ ಹೆರುವುದು ದೇವರ ಆಜ್ಞೆ, ಅದನ್ನು ತಪ್ಪಿಸಿಕೊಳ್ಳಬಾರದು ಎಂದು ಕೆಲವರು ಆದಿಕಾಂಡವನ್ನು ಎತ್ತಿ ತೋರಿಸುತ್ತಾರೆ. 1956ರ ಜನವರಿಯಲ್ಲಿ ಪೋಪ್ ಹನ್ನೆರಡನೇ ಪಿಯುಸ್‌ರವರು ವೈದ್ಯರನ್ನು ಕುರಿತು ಮಾತನಾಡುತ್ತಾ, ಹೆರಿಗೆಯ ನೋವನ್ನು ಕಡಿಮೆ ಮಾಡುವ ಉಪಾಯಗಳನ್ನು ಬಳಸಲು ಆ ವಾಕ್ಯ ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿದ್ದಾರೆ. ಅದೇ ಆದಿಕಾಂಡದಲ್ಲಿ ರಾಖೇಲಳು ಬೆನ್ಯಮೀನನನ್ನು ಹೆತ್ತು ದಾರಿಯಲ್ಲೇ ಪ್ರಾಣಬಿಟ್ಟಳು. ಆಕೆಗೆ ವಿಶ್ವಾಸ ಸಾಲದೆ ಹಾಗಾಯಿತು ಎಂದು ಗ್ರಂಥ ಎಲ್ಲೂ ಹೇಳುವುದಿಲ್ಲ.

ಸಂತ ಜಿಯಾನ್ನಾ ಬೆರೆತ್ತಾ ಮೊಲ್ಲಾ ಅವರನ್ನು ಬಲ್ಲಿರಿ. ಅವರು ಸ್ವತಃ ವೈದ್ಯೆ. 1962ರ ಏಪ್ರಿಲ್ 21ರಂದು, ಪವಿತ್ರ ಶನಿವಾರ, ಅವರ ನಾಲ್ಕನೆಯ ಮಗು ಸಿಸೇರಿಯನ್ ಮೂಲಕ ಹುಟ್ಟಿತು. ಒಂದು ವಾರದಲ್ಲಿ ತಾಯಿ ಸೋಂಕಿನಿಂದ ತೀರಿಕೊಂಡರು. 2004ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಸಿಸೇರಿಯನ್ ಅವರ ಪಾವಿತ್ರ್ಯಕ್ಕೆ ಕುಂದು ತರಲಿಲ್ಲ.

3. ನಡೆಸುವುದು

ತೀರ್ಮಾನವಾದ ಮೇಲೆ ತಡ ಮಾಡಬಾರದು. ದಿನಾಂಕವನ್ನು ವೈದ್ಯರೇ ಗೊತ್ತುಮಾಡಲಿ. ಅವಸರದ ಕಾರಣವಿಲ್ಲದಿದ್ದರೆ 39 ವಾರ ತುಂಬಿದ ಮೇಲೆ ಮಾಡುತ್ತಾರೆ. ಬೇಗ ತೆಗೆದರೆ ಮಗುವಿಗೆ ಉಸಿರಾಟದ ತೊಂದರೆ ಬರಬಹುದು. ಮುಹೂರ್ತಕ್ಕಾಗಿ, ಅಥವಾ ಮಾತೆ ಮರಿಯಮ್ಮನವರ ಹಬ್ಬದ ದಿನವೇ ಹುಟ್ಟಲಿ ಎಂಬ ಆಸೆಗಾಗಿ ದಿನ ಹಿಂದಕ್ಕೆಳೆಯುವುದು ಬೇಡ. ಅದಕ್ಕೆ ಮುಂಚೆಯೇ ನೋವು ಬಂದರೆ ಅಥವಾ ನೀರೊಡೆದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೊರಡಬೇಕು. ವಾಹನ ಯಾರದು, ಚಾಲಕನ ಫೋನ್ ನಂಬರ್ ಏನು, ರಕ್ತ ಕೊಡುವವರು ಯಾರು ಎಂಬುದನ್ನು ಮೊದಲೇ ಬರೆದಿಡಿ. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆಯೂ ಸ್ಕ್ಯಾನ್ ಮಾಡಿ ನೋಡುತ್ತಾರೆ, ಕೊನೆಗಳಿಗೆಯಲ್ಲಿ ತಿರುಗುವ ಮಕ್ಕಳೂ ಇವೆ.

ಪ್ರಾರ್ಥನೆಯನ್ನು ಬಿಡಬೇಡಿ. ಹೆರಿಗೆಗೆ ಮುಂಚೆ ತಾಯಿಯನ್ನು ಆಶೀರ್ವದಿಸುವ ವಿಧಿ ಧರ್ಮಸಭೆಯ ಪುಸ್ತಕದಲ್ಲೇ ಇದೆ. ನಿಮ್ಮ ಗುರುಗಳನ್ನು ಕೇಳಿ. ಬಸುರಿಯರ ಪಾಲಕರಾದ ಸಂತ ರೇಮಂಡ್ ನೊನ್ನಾಟುಸ್‌ರನ್ನು, ಸಂಪ್ರದಾಯದ ಪ್ರಕಾರ, ತೀರಿಕೊಂಡ ತಾಯಿಯ ಹೊಟ್ಟೆಯಿಂದ ಕೊಯ್ದು ತೆಗೆಯಲಾಗಿತ್ತು. ಅವರ ಬಿರುದಿನ ಅರ್ಥವೇ ಹೆರಲ್ಪಡದವನು ಎಂದು.

ಇವನ್ನೆಲ್ಲ ಅಂದು ಆ ಮೂವರಿಗೂ ಹೇಳಿದೆ. ಆಕೆ ಮರುದಿನ ವೈದ್ಯರ ಬಳಿ ಹೋಗಿ, ಕೈಯಿಂದ ತಿರುಗಿಸುವುದನ್ನೂ ಕೇಳಿ ತಿಳಿದು, ಸಿಸೇರಿಯನ್ನೇ ಸಾಕು ಎಂದಳು. ಅತ್ತೆ ನೊವೇನ ಬಿಡಲಿಲ್ಲ. ಮಗು ತಿರುಗಲಿಲ್ಲ. ಆದರೆ ಒಂಬತ್ತನೆಯ ದಿನದ ಹೊತ್ತಿಗೆ ಅತ್ತೆಯ ಮನಸ್ಸು ತಿರುಗಿತ್ತು. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಜಪಸರ ಹಿಡಿದು ಕೂತಿದ್ದವರು ಅವರೇ. ಜ್ಞಾನಸ್ನಾನದ ದಿನ ನೆಂಟರೊಬ್ಬರು "ನಾರ್ಮಲ್ಲೋ ಸಿಸೇರಿಯನ್ನೋ?" ಎಂದು ಕೇಳಿದಾಗ ಅವರು, "ಇಬ್ಬರೂ ಚೆನ್ನಾಗಿದ್ದಾರೆ" ಎಂದಷ್ಟೇ ಉತ್ತರಿಸಿದರು. ನಾವೆಲ್ಲರೂ ಅವರಿಂದ ಈ ಉತ್ತರವನ್ನು ಕಲಿಯಬಹುದು.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಬಸುರಿ ತನ್ನ ಹೆದರಿಕೆಯನ್ನು ಮುಕ್ತವಾಗಿ ಹೇಳಿಕೊಳ್ಳಲು ನಾವು ಅವಕಾಶ ಕೊಟ್ಟಿದ್ದೇವೆಯೇ?

2. ಸಿಸೇರಿಯನ್ ಆದ ತಾಯಂದಿರ ಬಗ್ಗೆ ನಾವು ಆಡಿದ ಮಾತುಗಳಲ್ಲಿ ಹಿಂತೆಗೆದುಕೊಳ್ಳಬೇಕಾದದ್ದು ಇದೆಯೇ?

3. ಈ ರಾತ್ರಿಯೇ ನೋವು ಬಂದರೆ ಯಾವ ಆಸ್ಪತ್ರೆ, ಯಾರ ವಾಹನ? ಉತ್ತರ ಮನೆಯ ಎಲ್ಲರಿಗೂ ಗೊತ್ತಿದೆಯೇ?