ಮಗುವಿನ ಡಿಎನ್‌ಎ ಕೇಳುವ ಹಕ್ಕು ಯಾರಿಗಿದೆ?

ಗಂಡ ಹೆಂಡಿರ ಜಗಳ ಹಿರಿಯರ ಮುಂದೆ ಬಂದಾಗ ಈಚೆಗೆ ಒಂದು ಮಾತು ಸಲೀಸಾಗಿ ಬೀಳುತ್ತದೆ: ‘ಡಿಎನ್‌ಎ ಮಾಡ್ಸಿಬುಡಾನ, ಗೊತ್ತಾಯ್ತದೆ.’ ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಜಗಲಿ ಮೇಲೆ ಕೂತು ಹಾಗೆ ಹೇಳುವವರಿಗೆ ಅದನ್ನು ಮಾಡಿಸುವ ಅಧಿಕಾರವಿಲ್ಲ. ಹೋಬಳಿಯ ನಾಡಕಚೇರಿಗೂ ಇಲ್ಲ. ಸಂಸಾರದ ಜಗಳವಾದರೆ ಪೊಲೀಸ್ ಠಾಣೆಗೂ ಇಲ್ಲ. ಅಧಿಕಾರ ಇರುವುದು ನ್ಯಾಯಾಲಯಕ್ಕೆ. ಗಂಡ ಅರ್ಜಿ ಹಾಕಿದ ಮಾತ್ರಕ್ಕೆ ಅದೂ ಪರೀಕ್ಷೆಗೆ ಆದೇಶ ಮಾಡುವಂತಿಲ್ಲ.

ಕಾನೂನು ಮದುವೆಯ ಕಡೆಯಿಂದ ಲೆಕ್ಕ ಹಾಕುತ್ತದೆ. ಊರ್ಜಿತ ಮದುವೆ ಇರುವಾಗ ಹುಟ್ಟಿದ ಮಗು ಆ ಗಂಡನದೇ. ಮದುವೆ ಮುರಿದ 280 ದಿನದೊಳಗೆ ಹುಟ್ಟಿ, ತಾಯಿ ಮರುಮದುವೆ ಆಗಿಲ್ಲದಿದ್ದರೂ ಹಾಗೆಯೇ. ಹಳೆಯ ಸಾಕ್ಷ್ಯ ಕಾಯ್ದೆಯ 112ನೇ ಕಲಂ ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಕಲಂ ಅದನ್ನೇ ಹೇಳುತ್ತಿದೆ. ಇದನ್ನು ಅಲ್ಲಗಳೆಯಬೇಕಾದರೆ, ಗರ್ಭ ನಿಲ್ಲಬಹುದಾಗಿದ್ದ ಕಾಲದಲ್ಲಿ ಇಬ್ಬರೂ ಕೂಡುವ ಅವಕಾಶವೇ ಇರಲಿಲ್ಲ ಎಂದು ಗಂಡ ತೋರಿಸಬೇಕು. ದುಬೈನಲ್ಲಿದ್ದೆ, ಜೈಲಿನಲ್ಲಿದ್ದೆ ಎಂಬಂಥ ಸಂಗತಿ ಬೇಕು. ‘ನನಗೆ ಅನುಮಾನ’ ಎಂದರೆ ಸಾಲದು. ಅಂಥ ಬಲವಾದ ಆಧಾರ ಮೇಲುನೋಟಕ್ಕಾದರೂ ಕಾಣದೆ ರಕ್ತಪರೀಕ್ಷೆಗೆ ಆದೇಶ ಕೊಡಬಾರದೆಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ.

ಈ ವಿಚಾರದಲ್ಲಿ ತಾಯಂದಿರು ತಿಳಿದಿರಲೇಬೇಕಾದ ತೀರ್ಪು 2023ರ ಫೆಬ್ರವರಿಯದು. ಪೀಠದಲ್ಲಿದ್ದವರು ನ್ಯಾಯಮೂರ್ತಿ ವಿ. ರಾಮಸುಬ್ರಮಣಿಯನ್ ಮತ್ತು ನ್ಯಾಯಮೂರ್ತಿ ಬಿ.ವಿ. ನಾಗರತ್ನ. ನಾಗರತ್ನ ಅವರು ಹಿಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಮ್ಮ ಪಾಂಡವಪುರ ಸೀಮೆಯ ಇ.ಎಸ್. ವೆಂಕಟರಾಮಯ್ಯನವರ ಮಗಳು. ಪುಣೆಯ ಗಂಡನೊಬ್ಬ ಹೆಂಡತಿಯ ಮೇಲೆ ವ್ಯಭಿಚಾರದ ಆರೋಪ ಹೊರಿಸಿ ವಿಚ್ಛೇದನ ಕೇಳಿದ್ದ. ಖಾಸಗಿ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಕೊಂಡು ಬಂದು, ಎರಡನೆಯ ಮಗನಿಗೆ ನ್ಯಾಯಾಲಯದ ಮೂಲಕವೂ ಡಿಎನ್‌ಎ ಪರೀಕ್ಷೆ ಆಗಲಿ ಎಂದ. ಕೆಳಗಿನ ನ್ಯಾಯಾಲಯವೂ ಬಾಂಬೆ ಹೈಕೋರ್ಟೂ ಒಪ್ಪಿದ್ದವು. ಸುಪ್ರೀಂ ಕೋರ್ಟ್ ಆ ಆದೇಶಗಳನ್ನು ರದ್ದುಮಾಡಿತು. ವ್ಯಭಿಚಾರ ಸಾಬೀತುಮಾಡಲು ಬೇರೆ ಸಾಕ್ಷ್ಯ ತರಲಿ, ಮಗುವನ್ನು ಅದಕ್ಕೆ ಬಳಸುವಂತಿಲ್ಲ. ವಿಚ್ಛೇದನದ ದಾವೆಯಲ್ಲಿ ಮಗು ಪಕ್ಷಗಾರನೂ ಅಲ್ಲ ಎಂದಿತು.

ಸಮ್ಮತಿಯ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರ ಇನ್ನೂ ಮುಖ್ಯ. ಮಗುವಿನ ಪರವಾಗಿ ಒಪ್ಪುವುದು, ಬಿಡುವುದು ಪೋಷಕಿಯಾಗಿ ತಾಯಿಯ ಜವಾಬ್ದಾರಿ. ಮಗುವಿನ ಹಿತ ನೋಡಿ ಆಕೆ ‘ಬೇಡ’ ಎಂದರೆ, ‘ಹಾಗಾದರೆ ಇವಳು ತಪ್ಪಿತಸ್ಥೆ’ ಎಂದು ನ್ಯಾಯಾಲಯ ಊಹಿಸಿಕೊಳ್ಳುವಂತಿಲ್ಲ. ಜಗಲಿ ನ್ಯಾಯ ಸಾಮಾನ್ಯವಾಗಿ ಊಹಿಸುವುದೇ ಅದನ್ನು. ಹಾಗೆಂದು ಪರೀಕ್ಷೆಯನ್ನು ಯಾವಾಗಲೂ ತಳ್ಳಿಹಾಕಬಹುದು ಎಂದಲ್ಲ. 2014ರ ಇನ್ನೊಂದು ವಿಚ್ಛೇದನ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್ ಪರೀಕ್ಷೆಗೆ ಅವಕಾಶ ಕೊಟ್ಟು, ಹೆಂಡತಿ ನಿರಾಕರಿಸಬಹುದು, ಆದರೆ ಅದರಿಂದ ಆಕೆಗೆ ವಿರುದ್ಧವಾದ ಊಹೆ ಮಾಡಬಹುದು ಎಂದಿತ್ತು. ಆದ್ದರಿಂದ ಅರ್ಜಿ ಬಂದಾಗ ಸುಮ್ಮನೆ ಕೂರಬಾರದು. ಮದುವೆ ಯಾವಾಗ ಆಯಿತು, ಇಬ್ಬರೂ ಎಲ್ಲಿ ಒಟ್ಟಿಗಿದ್ದರು, ಮಗು ಯಾವಾಗ ಹುಟ್ಟಿತು ಎಂಬ ವಿವರದೊಂದಿಗೆ ಲಿಖಿತ ತಕರಾರು ಸಲ್ಲಿಸಬೇಕು. ಅದಾದ ಮೇಲೂ ಆದೇಶ ಬಂದರೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು.

ಮಲಗಿದ ಮಗುವಿನ ಕೂದಲು ಕಿತ್ತು ಲ್ಯಾಬಿಗೆ ಕಳಿಸುವವರೂ ಇದ್ದಾರೆ. ಆ ಮಾದರಿ ಯಾರದು, ಯಾರು ತೆಗೆದರು, ನಡುವೆ ಯಾರ ಕೈಗೆ ಹೋಯಿತು ಎಂಬುದಕ್ಕೆ ಪುರಾವೆ ಇಲ್ಲದ ವರದಿಯನ್ನು ಎದುರು ವಕೀಲರು ಸುಲಭವಾಗಿ ಅಲುಗಾಡಿಸುತ್ತಾರೆ. ನ್ಯಾಯಾಲಯದ ಆದೇಶದ ಮೇಲೆ ತೆಗೆದ ಮಾದರಿಗೆ ಗುರುತು, ಸಹಿ, ಮೊಹರು ಇರುತ್ತದೆ. ಅಂಥ ವರದಿಯ ಬಗ್ಗೆ ತಕರಾರೇ ಇಲ್ಲದಿದ್ದರೆ ಮದುವೆಯ ಊಹೆಗಿಂತ ಅದೇ ಮೇಲು ಎಂದು 2014ರ ಬೇರೊಂದು ತೀರ್ಪು ಹೇಳಿದ್ದೂ ಉಂಟು.

ಇನ್ನು ತಾಯಿಯೇ ಪರೀಕ್ಷೆ ಕೇಳುವ ಸಂದರ್ಭ. ಮದುವೆಯಾಗದೆ ಹುಟ್ಟಿದ ಮಗುವಿಗೂ ತಂದೆಯಿಂದ ಜೀವನಾಂಶದ ಹಕ್ಕಿದೆ. ಇದನ್ನು ಹೇಳುತ್ತಿದ್ದ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಕುಟುಂಬ ನ್ಯಾಯಾಲಯದ ವ್ಯಾಪ್ತಿ ಇದ್ದಲ್ಲಿ ಅಲ್ಲಿ, ಇಲ್ಲವಾದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ಗಂಡಸು ‘ನನ್ನದಲ್ಲ’ ಎಂದು ಜಾರಿಕೊಂಡರೆ ಪರೀಕ್ಷೆಗೆ ಆದೇಶ ಕೋರಬಹುದು. ಆದೇಶವಾದ ಮೇಲೂ ಆತ ಮಾದರಿ ಕೊಡದೆ ತಪ್ಪಿಸಿಕೊಂಡರೆ ಆತನ ವಿರುದ್ಧ ಊಹೆ ಮಾಡಲು ನ್ಯಾಯಾಲಯಕ್ಕೆ ದಾರಿಯಿದೆ. ಅಂಥ ಮಗುವಿಗೆ ಹಿಂದೂ ಕಾನೂನಿನಲ್ಲಿ ತಾಯಿಯೇ ಮೊದಲ ಪೋಷಕಿ. ಪೋಷಕತ್ವ ಕೇಳುವ ಅವಿವಾಹಿತ ತಾಯಿ ತಂದೆಯ ಹೆಸರು ಬಹಿರಂಗ ಮಾಡಲೇಬೇಕಿಲ್ಲ ಎಂದು 2015ರಲ್ಲಿ ತೀರ್ಮಾನವಾಗಿದೆ.

ಜಮೀನು ಭಾಗವಾಗುವಾಗ ಈ ಜಗಳ ಮತ್ತೆ ತಲೆ ಎತ್ತುತ್ತದೆ. ವಂಶವೃಕ್ಷದಲ್ಲಿ ಹೆಸರು ಬಿಡಿಸಲು ದಾಯಾದಿಗಳು ‘ಡಿಎನ್‌ಎ ತರಲಿ’ ಅನ್ನುತ್ತಾರೆ. ಗ್ರಾಮ ಆಡಳಿತಾಧಿಕಾರಿ ಅದನ್ನು ಕೇಳುವಂತಿಲ್ಲ. ಹಕ್ಕಿನ ತಕರಾರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಎರಡನೆಯ ಮದುವೆ ಊರ್ಜಿತವಲ್ಲ ಎಂಬ ಕಾರಣಕ್ಕೆ ಮಕ್ಕಳನ್ನು ಹೊರಗಿಡುವುದೂ ನಡೆಯುವುದಿಲ್ಲ. ಕರ್ನಾಟಕದಿಂದಲೇ ಹೋದ ವ್ಯಾಜ್ಯದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿದೆ: ಅವಿಭಕ್ತ ಆಸ್ತಿಯಲ್ಲಿ ತಂದೆಯ ಪಾಲಿಗೆ ಬರುವುದರಲ್ಲಿ ಆ ಮಕ್ಕಳಿಗೂ ಹಕ್ಕಿದೆ. ತಂದೆಯ ಪಾಲಿನಾಚೆ ಉಳಿದವರ ಆಸ್ತಿಯಲ್ಲಿ ಇಲ್ಲ.

ಅತ್ಯಾಚಾರ, ಪೋಕ್ಸೊ ಪ್ರಕರಣಗಳ ದಾರಿ ಬೇರೆ. ಅಲ್ಲಿ ಆರೋಪಿಯ ಮಾದರಿಯನ್ನು ಆತನ ಒಪ್ಪಿಗೆ ಇಲ್ಲದೆಯೂ ತೆಗೆಯಬಹುದು. ಸಂತ್ರಸ್ತೆಯ ವೈದ್ಯಕೀಯ ತಪಾಸಣೆಗೆ ಆಕೆಯ ಅಥವಾ ಆಕೆಯ ಪರವಾಗಿ ಒಪ್ಪಬಲ್ಲವರ ಸಮ್ಮತಿ ಬೇಕು.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ತಕರಾರು ಹಾಕದೆ ಬಿಡಬೇಡಿ. ಹೆಂಗಸರಿಗೆ ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಉಚಿತ ವಕೀಲರು ಸಿಗುತ್ತಾರೆ. ಕೆ.ಆರ್. ಪೇಟೆಯ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು, ಇಲ್ಲವೆ 15100ಕ್ಕೆ ಫೋನ್ ಮಾಡಿ ಕೇಳಬಹುದು. ಹೋಗುವಾಗ ಮದುವೆಯ ದಾಖಲೆ, ಮಗುವಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ನ್ಯಾಯಾಲಯದಿಂದ ಬಂದ ನೋಟಿಸು ಜೊತೆಗಿರಲಿ. ನೋಟಿಸಿನಲ್ಲಿರುವ ಮುಂದಿನ ದಿನಾಂಕವನ್ನು ಮೊದಲು ನೋಡಿಕೊಳ್ಳಿ.