ಹಳೆಯ ಥಿಂಕ್‌ಪ್ಯಾಡ್‌ಗೆ ಕೋರ್‌ಬೂಟ್: ಮೊದಲು ನಕಲು, ಆಮೇಲೆ ಹೊಸದು

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡು ಎಲ್ಲವೂ ಮುಕ್ತವಾಯಿತು ಎಂದುಕೊಳ್ಳುವವರು ಬಹಳ. ಆದರೆ ಪವರ್ ಬಟನ್ ಒತ್ತಿದ ಕೂಡಲೇ ಎದ್ದು, ಮೆಮೊರಿ, ಪರದೆಗಳನ್ನು ಸಜ್ಜುಮಾಡುವ ಬಯೋಸ್ ಕಂಪನಿಯದ್ದೇ ಆಗಿರುತ್ತದೆ. ಅದರ ಜಾಗಕ್ಕೆ ಬರುವ ಮುಕ್ತ ಫರ್ಮ್‌ವೇರ್‌ಗಳಲ್ಲಿ ಮುಖ್ಯವಾದದ್ದು ಕೋರ್‌ಬೂಟ್. 1999ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ‘ಲಿನಕ್ಸ್‌ಬಯೋಸ್’ ಎಂದು ಶುರುವಾದ ಯೋಜನೆಗೆ 2008ರಲ್ಲಿ ಈ ಹೆಸರು ಬಂತು.

ಕಲಿಯುವವರಿಗೆ 2012ರ ಥಿಂಕ್‌ಪ್ಯಾಡ್ ಎಕ್ಸ್230 ಒಳ್ಳೆಯ ಆಯ್ಕೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಹುಡುಕುವುದು ಕಷ್ಟವಲ್ಲ. ಈ ಮಾದರಿಯ ಮೂಲ ಬಯೋಸ್, ತನ್ನ ಪಟ್ಟಿಯಲ್ಲಿಲ್ಲದ ವೈಫೈ ಕಾರ್ಡ್ ಹಾಕಿದರೆ ಮುಂದಕ್ಕೇ ಹೋಗುವುದಿಲ್ಲ. ಕೋರ್‌ಬೂಟ್‌ಗೆ ಆ ತಕರಾರಿಲ್ಲ.

ಎರಡು ದಾರಿ

ಒಂದು, ಲ್ಯಾಪ್‌ಟಾಪ್ ಬಿಚ್ಚದೆ ತಂತ್ರಾಂಶದಿಂದಲೇ ಬರೆಯುವುದು. ಎಕ್ಸ್230ಗೆ ‘ಐವಿರೈನ್’ ಎಂಬ ಸಾಧನವಿದೆ; ಹಳೆಯ ಬಯೋಸ್ ಆವೃತ್ತಿಗಳ ಲೋಪವನ್ನು ಬಳಸಿಕೊಂಡು ಬರಹದ ಬೀಗ ತೆಗೆಯುತ್ತದೆ. ಇನ್ನೊಂದು, ಯಂತ್ರ ಬಿಚ್ಚಿ, ಬಯೋಸ್ ಇರುವ ಚಿಪ್‌ಗೆ ಕ್ಲಿಪ್ ಕಚ್ಚಿಸಿ ಹೊರಗಿನ ಪ್ರೋಗ್ರಾಮರ್‌ನಿಂದ ಬರೆಯುವುದು. ಮೊದಲನೆಯದು ಸುಲಭ ಎಂದು ಅದಕ್ಕೆ ಕೈಹಾಕುವವರೇ ಹೆಚ್ಚು. ನನ್ನ ಓಟು ಎರಡನೆಯದಕ್ಕೆ. ನಡುವೆ ಏನಾದರೂ ಕೆಟ್ಟು ಲ್ಯಾಪ್‌ಟಾಪ್ ಆನ್ ಆಗದಿದ್ದರೆ, ಕೊನೆಗೆ ಅದೇ ಕ್ಲಿಪ್ ಬೇಕು. ಅದನ್ನು ಮೊದಲೇ ತಂದಿಟ್ಟುಕೊಂಡವರು ಹೆದರಬೇಕಿಲ್ಲ.

ಬೇಕಾದದ್ದು: ಎಂಟು ಕಾಲಿನ ಎಸ್‌ಒಐಸಿ ಕ್ಲಿಪ್, ಲಿನಕ್ಸ್ ಇರುವ ಇನ್ನೊಂದು ಕಂಪ್ಯೂಟರ್, ಒಂದು ಪ್ರೋಗ್ರಾಮರ್. ಅಗ್ಗಕ್ಕೆ ಸಿಗುವ ಕಪ್ಪು ಬಣ್ಣದ ಸಿಎಚ್341ಎ ಬಗ್ಗೆ ಎಚ್ಚರ. ಚಿಪ್‌ಗೆ ಬೇಕಾದದ್ದು 3.3 ವೋಲ್ಟ್, ಈ ಬೋರ್ಡ್‌ನ ದತ್ತಾಂಶದ ತಂತಿಗಳಲ್ಲಿ 5 ವೋಲ್ಟ್ ಬರುತ್ತದೆ. ಎಷ್ಟೋ ಜನ ಅದರಲ್ಲೇ ಕೆಲಸ ಮುಗಿಸಿದ್ದಾರೆ ನಿಜ, ಆದರೂ 3.3 ವೋಲ್ಟ್‌ನಲ್ಲೇ ನಡೆಯುವ ರಾಸ್ಪ್‌ಬೆರಿ ಪೈ ಅಥವಾ ಪೈ ಪಿಕೊ ಇದ್ದರೆ ಅದನ್ನೇ ಬಳಸಿ.

ಬಿಚ್ಚುವ ಮುನ್ನ

ಕಡತಗಳ ಬ್ಯಾಕಪ್ ತೆಗೆದುಕೊಳ್ಳಿ. ಆಮೇಲೆ ಮೂಲ ಬಯೋಸ್ ಅನ್ನು ಕೊನೆಯ ಆವೃತ್ತಿಗೆ ಅಪ್‌ಡೇಟ್ ಮಾಡಿ. ಬ್ಯಾಟರಿ, ಕೀಬೋರ್ಡ್‌ಗಳನ್ನು ನೋಡಿಕೊಳ್ಳುವ ಪುಟ್ಟ ನಿಯಂತ್ರಕದ ಅಪ್‌ಡೇಟ್ ಬರುವುದು ಅದರ ಜೊತೆಗೇ. ಕೋರ್‌ಬೂಟ್ ಅದನ್ನು ಮಾಡಿಕೊಡುವುದಿಲ್ಲ. (ಐವಿರೈನ್ ದಾರಿ ಹಿಡಿಯುವವರು ಮಾತ್ರ ಹೀಗೆ ಮಾಡಬಾರದು. ಹೊಸ ಆವೃತ್ತಿಯಲ್ಲಿ ಆ ಲೋಪ ಮುಚ್ಚಿದೆ.)

ಚಾರ್ಜರ್ ಕಿತ್ತು, ಬ್ಯಾಟರಿ ತೆಗೆಯಿರಿ. ತಳದಲ್ಲಿ ಕೀಬೋರ್ಡ್, ಟಚ್‌ಪ್ಯಾಡ್ ಚಿತ್ರವಿರುವ ಸ್ಕ್ರೂಗಳನ್ನು ಬಿಚ್ಚಿ, ಕೀಬೋರ್ಡನ್ನೂ ಕೈ ಊರುವ ಪಟ್ಟಿಯನ್ನೂ ಎತ್ತಿ, ರಿಬ್ಬನ್ ಕೇಬಲ್‌ಗಳನ್ನು ಎಳೆಯದೆ ಮೆಲ್ಲಗೆ ಬಿಡಿಸಿ. ಒಳಗಿನ ನಾಣ್ಯದಂಥ ಸಿಮೋಸ್ ಬ್ಯಾಟರಿಯನ್ನೂ ಕಳಚಿ. ಕಪ್ಪು ಹಾಳೆಯನ್ನು ಸರಿಸಿದರೆ ಅಕ್ಕಪಕ್ಕ ಎರಡು ಚಿಪ್ ಕಾಣುತ್ತವೆ. ಪರದೆಯ ಕಡೆಗಿನದು 4 ಎಂಬಿ, ಇನ್ನೊಂದು 8 ಎಂಬಿ. ಮೇಲಿನ ಅಕ್ಷರ ಬರಿಗಣ್ಣಿಗೆ ಕಾಣದು. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಫೋಟೊ ತೆಗೆದು ಹೆಸರು ಬರೆದಿಟ್ಟುಕೊಳ್ಳಿ. ಮೂಲೆಯ ಚುಕ್ಕೆಯ ಪಕ್ಕದ್ದೇ ಒಂದನೇ ಕಾಲು, ಕ್ಲಿಪ್‌ನ ಕೆಂಪು ತಂತಿ ಬರಬೇಕಾದದ್ದು ಅಲ್ಲಿಗೆ.

ನಕಲು

‘ಫ್ಲ್ಯಾಶ್‌ರೋಮ್’ ಎಂಬ ಉಚಿತ ತಂತ್ರಾಂಶದಿಂದ ಪ್ರತಿ ಚಿಪ್ಪನ್ನೂ ಎರಡು ಸಲ ಓದಿ, ಬೇರೆ ಬೇರೆ ಹೆಸರಿನಲ್ಲಿ ಉಳಿಸಿ. ಒಂದೇ ಚಿಪ್‌ಗೆ ಹಲವು ಹೆಸರು ಸೂಚಿಸಿದರೆ ಫೋಟೊದಲ್ಲಿರುವ ಹೆಸರನ್ನೇ ಕೊಡಿ. ಕಡತಗಳ ಗಾತ್ರ ಸರಿಯಾಗಿ 41,94,304 ಮತ್ತು 83,88,608 ಬೈಟ್ ಇರಬೇಕು, ಎರಡೂ ಓದಿನ ಚೆಕ್‌ಸಮ್ ಒಂದೇ ಇರಬೇಕು. ಎರಡರಲ್ಲೂ ಬರೀ ಎಫ್‌ಎಫ್ (ಅಂದರೆ ಖಾಲಿ) ತುಂಬಿದ್ದರೂ ಚೆಕ್‌ಸಮ್ ಹೊಂದುತ್ತದೆ! ಹಾಗಾಗಿ ಕಡತ ತೆರೆದೂ ನೋಡಿ. ವ್ಯತ್ಯಾಸ ಬಂದರೆ ಕ್ಲಿಪ್ ಸರಿಯಾಗಿ ಕೂತಿಲ್ಲ. ತೆಗೆದು ಮತ್ತೆ ಹಾಕಿ, ಓದುವ ವೇಗ ಇಳಿಸಿ. ಹೊಂದುವ ತನಕ ಬರೆಯುವ ಯೋಚನೆ ಬೇಡ. ನಿಮ್ಮ ಲ್ಯಾನ್ ಪೋರ್ಟ್‌ನ ಮ್ಯಾಕ್ ವಿಳಾಸ ಇರುವುದೂ 8 ಎಂಬಿ ಚಿಪ್‌ನಲ್ಲೇ. ಬೇರೆಯವರ ಕಡತ ತಂದು ಸುರಿದರೆ ಅವರ ವಿಳಾಸವೇ ಬರುತ್ತದೆ. ನಕಲನ್ನು ಪೆನ್‌ಡ್ರೈವ್‌ನಲ್ಲೂ ಇಡಿ.

ಬರೆಯುವುದು

ಕೋರ್‌ಬೂಟ್ ಮೂಲ ಸಂಕೇತ ಇಳಿಸಿಕೊಂಡು, ಮೆನುವಿನಲ್ಲಿ ಲೆನೊವೊ ಎಕ್ಸ್230 ಆರಿಸಿ. ಪೇಲೋಡ್ (ಕೋರ್‌ಬೂಟ್ ನಂತರ ಓಡಿ ಆಪರೇಟಿಂಗ್ ಸಿಸ್ಟಂ ಎಬ್ಬಿಸುವ ಭಾಗ) ಆಗಿ ಸೀಬಯೋಸ್ ಸಾಕು. ಯುಇಎಫ್‌ಐ ಬೇಕಿದ್ದರೆ ಇಡಿಕೆ2. ಕೋರ್‌ಬೂಟ್ ಕಡತಗಳ ಭಾಗ 4 ಎಂಬಿ ಮೀರದಂತೆ ಇಡಿ. ತಯಾರಾಗುವ 12 ಎಂಬಿ ಕಡತದ ಕೊನೆಯ 4 ಎಂಬಿ ಕತ್ತರಿಸಿ, ಪರದೆಯ ಕಡೆಗಿನ ಚಿಪ್‌ಗೆ ಬರೆಯಿರಿ. ‘ವೆರಿಫೈಡ್’ ಎಂದು ಬರುವವರೆಗೆ ಕ್ಲಿಪ್ ಮುಟ್ಟಬೇಡಿ. ಮೊದಲ ಸಲಕ್ಕೆ ಇಷ್ಟೇ ಸಾಕು.

8 ಎಂಬಿ ಚಿಪ್‌ನಲ್ಲಿ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ (ಎಂಇ) ಎಂಬ, ಇಂಟೆಲ್‌ನದೇ ಆದ ಇನ್ನೊಂದು ಫರ್ಮ್‌ವೇರ್ ಇದೆ. ಪೂರ್ತಿ ಅಳಿಸಿದರೆ ಯಂತ್ರ 30 ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ‘ಎಂಇ ಕ್ಲೀನರ್’ ಅಗತ್ಯದ ಭಾಗ ಬಿಟ್ಟು ಉಳಿದದ್ದನ್ನು ತೆಗೆಯುತ್ತದೆ; ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಕ್ಲಿಪ್ ತೆಗೆದು, ಬಿಚ್ಚಿದ್ದನ್ನು ಜೋಡಿಸಿ ಆನ್ ಮಾಡಿ. ಮೊದಲ ಬೂಟ್‌ನಲ್ಲಿ ಪರದೆ ಸ್ವಲ್ಪ ಹೊತ್ತು ಕಪ್ಪಾಗಿದ್ದರೆ ಗಾಬರಿ ಬೇಡ, ಮೆಮೊರಿಯ ಹೊಂದಾಣಿಕೆ ನಡೆದಿರುತ್ತದೆ. ಏನೂ ಬರದಿದ್ದರೆ ನಿಮ್ಮ ನಕಲನ್ನೇ ವಾಪಸ್ ಬರೆಯಿರಿ.

ಎಲ್ಲ ಲ್ಯಾಪ್‌ಟಾಪ್‌ಗೂ ಇದು ನಡೆಯದು. ಇಂಟೆಲ್ ನಾಲ್ಕನೇ ಪೀಳಿಗೆಯಿಂದ ಬಂದ ಬೂಟ್ ಗಾರ್ಡ್ ಅನ್ನು ತಯಾರಕರು ಚಾಲೂ ಮಾಡಿದ್ದರೆ, ಅವರ ಸಹಿಯಿಲ್ಲದ ಫರ್ಮ್‌ವೇರ್ ಓಡುವುದಿಲ್ಲ. ಆದ್ದರಿಂದ ದುಡ್ಡು ಕೊಡುವ ಮೊದಲೇ ಕೋರ್‌ಬೂಟ್ ಯೋಜನೆಯ ಪಟ್ಟಿಯಲ್ಲಿ ನಿಮ್ಮ ಮಾದರಿ ಇದೆಯೇ ನೋಡಿಕೊಳ್ಳಿ. ವಾರಂಟಿ ಇರುವ ಅಥವಾ ಆಫೀಸಿನ ಲ್ಯಾಪ್‌ಟಾಪ್ ಮೇಲೆ ಮಾತ್ರ ಈ ಪ್ರಯೋಗ ಬೇಡ.