ಕೋಳಿ ಜ್ವರ: ಬಚ್ಚಿಡುವುದೂ ಬೇಡ, ಬೆಚ್ಚುವುದೂ ಬೇಡ



ಹಿತ್ತಲಲ್ಲಿ ನಾಲ್ಕು ನಾಟಿಕೋಳಿ ಸಾಕಿದ ಮನೆಗಳು ನಮ್ಮ ಹಳ್ಳಿಗಳಲ್ಲಿ ಬಹಳ. ಹೆಣ್ಣುಮಕ್ಕಳ ಕೈಖರ್ಚಿಗೆ, ಹಬ್ಬಕ್ಕೆ, ನೆಂಟರ ಊಟಕ್ಕೆ ಅವೇ ಆಧಾರ. ಆದರೆ ಹಕ್ಕಿ ಜ್ವರ, ಅಂದರೆ ಕೋಳಿ ಜ್ವರ, ಬಂದಿತೆಂಬ ಸುದ್ದಿ ಕಿವಿಗೆ ಬಿದ್ದೊಡನೆ ಜನರು ಎರಡು ಬಗೆಯಾಗಿ ನಡೆದುಕೊಳ್ಳುತ್ತಾರೆ. ಕೋಳಿ ಇದ್ದವರು ಸತ್ತದ್ದನ್ನು ಮುಚ್ಚಿಡುತ್ತಾರೆ. ಕೊಂಡು ತಿನ್ನುವವರು ಕೋಳಿಯ ಹೆಸರೆತ್ತಿದರೇ ಹೆದರುತ್ತಾರೆ. ಎರಡರಿಂದಲೂ ಕೇಡು ನಮಗೇ.

ನಮ್ಮ ಜಿಲ್ಲೆಯಲ್ಲಿ ನಡೆದದ್ದು

ಈ ರೋಗ ದೂರದ್ದಲ್ಲ. 2020ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿಯೂ ಮೈಸೂರಿನ ಕುಂಬಾರಕೊಪ್ಪಲಿನಲ್ಲಿಯೂ ಇದು ಕಾಣಿಸಿಕೊಂಡಿತು. ಅದೇ ದಿನಗಳಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿಯೂ ಹಬ್ಬಿತು. ಕೊರೊನಾಕ್ಕೂ ಕೋಳಿಗೂ ಸಂಬಂಧವೇ ಇರಲಿಲ್ಲ. ಆದರೂ ಬೆಲೆ ನೆಲಕ್ಕಿಳಿಯಿತು. ಬೆಳಗಾವಿ ಜಿಲ್ಲೆಯಲ್ಲಿ ಕೊಳ್ಳುವವರಿಲ್ಲದೆ ಆರೋಗ್ಯವಾದ ಕೋಳಿಗಳನ್ನೇ ಗುಂಡಿ ತೋಡಿ ಹೂಳಿದ್ದುಂಟು. ರೋಗ ಬಾರದ ಊರಿನ ರೈತನೂ ಬರಿಯ ಮಾತಿನಿಂದ ಕೆಟ್ಟನು.

ಮನುಷ್ಯರಿಗೆ ಹೇಗೆ ಬರುತ್ತದೆ?

ರೋಗದ ಕೋಳಿಯ ಹಿಕ್ಕೆ, ಸಿಂಬಳ, ರಕ್ತಗಳಲ್ಲಿ ವಿಷಾಣು ಇರುತ್ತದೆ. ಅದನ್ನು ಮುಟ್ಟಿದ ಕೈ ಕಣ್ಣಿಗೆ, ಮೂಗಿಗೆ, ಬಾಯಿಗೆ ಹೋದರೆ, ಗೂಡು ಗುಡಿಸುವಾಗ ಧೂಳು ಉಸಿರಿನಲ್ಲಿ ಸೇರಿದರೆ, ಅಪಾಯ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಮಂದಿಗೆ ತಗಲಿ 6 ಮಂದಿ ತೀರಿಕೊಂಡರು. ನಮ್ಮ ದೇಶದಲ್ಲಿ 2021ರಲ್ಲಿ ಹರಿಯಾಣದ ಒಬ್ಬ ಹುಡುಗನೂ, 2025ರಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗುವೂ ಇದರಿಂದ ಸತ್ತರು. ಆ ಮಗು ಹಸಿ ಕೋಳಿಮಾಂಸದ ತುಣುಕು ತಿಂದಿತ್ತೆಂದು ಮನೆಯವರು ಹೇಳಿದ್ದರು. 2024ರಲ್ಲಿ ಅಮೆರಿಕದಲ್ಲಿ ಹಾಲು ಕರೆಯುವ ಹಸುಗಳಿಗೂ, ಅವುಗಳಿಂದ ಕೆಲಸಗಾರರಿಗೂ ತಗಲಿತು.

ಆದರೆ ಇದು ಮನುಷ್ಯನಿಂದ ಮನುಷ್ಯನಿಗೆ ಸುಲಭವಾಗಿ ಹರಡುವುದಿಲ್ಲ. ಒಳಗಿನವರೆಗೆ 70 ಡಿಗ್ರಿ ಶಾಖ ತಗಲುವಂತೆ ಬೇಯಿಸಿದರೆ ವಿಷಾಣು ಸಾಯುತ್ತದೆ. ಆರೋಗ್ಯವಾದ ಕೋಳಿಯ ಚೆನ್ನಾಗಿ ಬೆಂದ ಸಾರು, ಬೇಯಿಸಿದ ಮೊಟ್ಟೆ, ಕಾಯಿಸಿದ ಹಾಲು, ಇವಕ್ಕೆ ಹೆದರಬೇಕಾಗಿಲ್ಲ.

ಮುಚ್ಚಿಟ್ಟರೆ ಯಾರಿಗೆ ನಷ್ಟ?

“ಹೇಳಿದರೆ ಎಲ್ಲ ಕೋಳಿಗಳನ್ನೂ ಕೊಲ್ಲುತ್ತಾರೆ” ಎಂಬುದು ಜನರ ಭಯ. ಈ ಭಯಕ್ಕೆ ಕಾರಣವಿದೆ. ರೋಗ ಖಚಿತವಾದರೆ ಸುತ್ತಲಿನ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲಿಸುತ್ತಾರೆ. 10 ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಆದರೆ ಹಾಗೆ ಕೊಲ್ಲಿಸಿದ ಕೋಳಿಗೆ ಸರಕಾರದ ಪರಿಹಾರ ಉಂಟು. ಅದಕ್ಕೆ ಮೊದಲೇ ರೋಗದಿಂದ ಸತ್ತದ್ದಕ್ಕೆ ಇಲ್ಲ. ತಡಮಾಡಿದಷ್ಟೂ ಪರಿಹಾರ ಸಿಗುವ ಕೋಳಿಗಳ ಸಂಖ್ಯೆ ಕಡಿಮೆಯಾಗುತ್ತದೆ. ಸೊರಗಿದ ಕೋಳಿಯನ್ನು ಅಗ್ಗಕ್ಕೆ ಮಾರಿದರೆ ರೋಗ ಪಕ್ಕದ ಊರಿಗೆ ಹೋಗುತ್ತದೆ. ಕೊಯ್ದು ತಿನ್ನಹೊರಟರೆ ನಮ್ಮ ಮನೆಗೇ ಬರುತ್ತದೆ.

ಮಾಡತಕ್ಕ ಕೆಲಸಗಳು

1. ಕೋಳಿಗಳು ಇದ್ದಕ್ಕಿದ್ದಂತೆ ಸಾಲಾಗಿ ಸತ್ತರೆ, ಜುಟ್ಟು ನೀಲಿಯಾದರೆ, ಮುಖ ಊದಿದರೆ ಕೂಡಲೇ ಪಶುವೈದ್ಯರಿಗೆ ತಿಳಿಸಿರಿ, ಇಲ್ಲವೆ 1962ಕ್ಕೆ ಫೋನ್ ಮಾಡಿರಿ. ಕೊಕ್ಕರೆ ರೋಗದಲ್ಲಿಯೂ ಹೀಗೆಯೇ ಸಾಯುತ್ತವೆ. ಯಾವುದೆಂದು ಹೇಳಬಲ್ಲುದು ಪ್ರಯೋಗಾಲಯವೇ.

2. ಕೊಕ್ಕರೆ ರೋಗದ ಲಸಿಕೆಯನ್ನು ಕಾಲಕಾಲಕ್ಕೆ ಹಾಕಿಸಿರಿ.

3. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಕೂಡದು, ನಾಲೆಗೆ, ತಿಪ್ಪೆಗೆ ಎಸೆಯಕೂಡದು, ನಾಯಿಗೆ ಹಾಕಕೂಡದು. ವೈದ್ಯರು ಬರುವವರೆಗೆ ಮಕ್ಕಳು ಅತ್ತ ಸುಳಿಯದಂತೆ ನೋಡಿಕೊಳ್ಳಿರಿ.

4. ಗೂಡು ಗುಡಿಸುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿಕೊಳ್ಳಿರಿ. ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

5. ಕೋಳಿ ಸತ್ತ ಮನೆಯವರಿಗೆ ಜ್ವರ, ಕೆಮ್ಮು, ಕಣ್ಣುರಿ ಬಂದರೆ ಆಸ್ಪತ್ರೆಗೆ ಹೋಗಿ, ಕೋಳಿ ಸತ್ತ ಸಂಗತಿಯನ್ನೂ ಹೇಳಬೇಕು.

6. ಕೋಳಿ ಸತ್ತ ಮನೆಯವರನ್ನು ಊರಿನವರು ದೂರಬಾರದು. ಇಂದು ಅವರನ್ನು ದೂರಿದರೆ ನಾಳೆ ಯಾರೂ ಬಾಯಿ ಬಿಡುವುದಿಲ್ಲ.

ಓದಿದ ಮೇಲೆ ನಾಲ್ಕು ಜನ ಸೇರಿ ಮಾತಾಡಿರಿ

ನಮ್ಮ ಊರಿನಲ್ಲಿ ಕೋಳಿ ಸತ್ತರೆ ಮೊದಲು ಯಾರಿಗೆ ತಿಳಿಸಬೇಕು? ಹತ್ತಿರದ ಪಶು ಆಸ್ಪತ್ರೆ ಎಲ್ಲಿದೆ? ಸುಳ್ಳು ಸುದ್ದಿ ಬಂದಾಗ ಯಾರನ್ನು ಕೇಳಿ ಖಚಿತ ಮಾಡಿಕೊಳ್ಳಬೇಕು? ಈ ಮೂರಕ್ಕೂ ಉತ್ತರ ಗೊತ್ತಿರುವ ಊರು ರೋಗ ಬಂದ ದಿನ ಗಾಬರಿಯಾಗುವುದಿಲ್ಲ.